ಎದ್ದುಹೋದ ಅಡುಗೆಮನೆ

ಹೂಂಗುಟ್ಟುವವರಿದ್ದರೆ ಮಾತ್ರ ಕಥೆ ಹೇಳಬೇಕು ಅನ್ನುತ್ತಿದ್ದಳು ನಮ್ಮಜ್ಜಿ. ಹೂಂಗುಟ್ಟುವವರಿಲ್ಲದ ಕಥೆ ಅರ್ಧದಲ್ಲೇ ಎದ್ದು ಬೇರೆಯವರ ಮನೆಗೆ ಹೋಗಿಬಿಡುತ್ತದಂತೆ. ಆದ್ದರಿಂದ ನೀವು ಹೂಂ ಅನ್ನುತ್ತಿರಿ, ನಾನು ಹೇಳುತ್ತೇನೆ. ಒಂದು ಊರಿತ್ತು. ಅಲ್ಲಿಗೆ ಬಸ್ಸಿತ್ತು, ಆದರೆ ಬಸ್ಸಿನ ಬೋರ್ಡಿನ ಮೇಲೆ ಹೆಸರಿರಲಿಲ್ಲ. ಹತ್ತುವವರಿಗೆ ಹೇಗೂ ಗೊತ್ತಿರುತ್ತಿತ್ತು. ಆ ಊರಿನ ಕೋಣೆಗಳಿಗೆ ಕಿವಿಯಿತ್ತು, ಕಾಲಿತ್ತು, ಜೊತೆಗೆ ಒಂದಿಷ್ಟು ಮುಂಗೋಪವೂ ಇತ್ತು. ಹೇಳದೆ ಕೇಳದೆ ಸುತ್ತಿಗೆ ಬಿತ್ತೋ, ಕೋಣೆ ಎದ್ದು ಹೋಗುತ್ತಿತ್ತು.

ಅದಕ್ಕೇ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯುವಾಗಲೂ ಆ ಊರಿನವರು ಗೋಡೆಯನ್ನು ಒಮ್ಮೆ ಸವರಿ, ಒಂದೇ ಒಂದು ಮೊಳೆ, ಈಗ ಆಗಿಹೋಯ್ತು ಅನ್ನುತ್ತಿದ್ದರು, ಮಗುವಿಗೆ ಸೂಜಿ ಚುಚ್ಚಿಸುವಾಗ ಹೇಳಿದ ಹಾಗೆ. ನಾನು ಓದಿದ ಶಾಲೆಯ ಮೂರನೇ ತರಗತಿಯ ಕೋಣೆ ಒಮ್ಮೆ ಹೀಗೇ ಮುನಿದು ಕೆರೆಯ ಏರಿಯ ಮೇಲೆ ಹೋಗಿ ಕೂತಿತ್ತು. ಹೆಡ್‌ಮಾಸ್ತರರು ತಪ್ಪಾಯಿತೆಂದು ಒಪ್ಪಿಕೊಳ್ಳುವವರೆಗೂ ನಾವು ಮಗ್ಗಿಯನ್ನು ಕೊಕ್ಕರೆಗಳ ಜೊತೆ ಕಲಿತೆವು. ಅದೇನು ದೊಡ್ಡ ಸಂಗತಿಯೆಂದು ಯಾರಿಗೂ ಅನ್ನಿಸಲಿಲ್ಲ. ಊಟದ ಡಬ್ಬಿಯ ಜೊತೆ ಕೊಡೆಯನ್ನೂ ಕೊಟ್ಟು ಕಳಿಸಿದರು, ಅಷ್ಟೆ.

ಹೋದ ಕೋಣೆ ಹಿಂದಿರುಗಿ ಬರುವುದೂ ಉಂಟು. ಆದರೆ ಅದರ ಮೇಲೆ ಹೊಸ ಮಳೆ ಬೀಳುವುದರೊಳಗೆ ಬರಬೇಕು. ಮಳೆ ಬಿದ್ದು ಗೋಡೆಯ ಬುಡ ನೆನೆಯಿತೆಂದರೆ ಅದು ಕೂತಲ್ಲೇ ಬೇರು ಬಿಡುತ್ತದೆ. ಆಮೇಲೆ ಯಾರು ಕರೆದರೂ ಅಲುಗುವುದಿಲ್ಲ.

ಆ ಊರಿನಲ್ಲಿ ನಾನೂ ನನ್ನ ಚಿಕ್ಕಮ್ಮ ತುಂಗಮ್ಮನೂ ಒಂದು ಹಳದಿ ಕಟ್ಟಡದ ಎರಡನೇ ಅಂತಸ್ತಿನಲ್ಲಿ ಬಾಡಿಗೆಗಿದ್ದೆವು. ಒಂದು ನಡುಮನೆ, ಒಂದು ಮಲಗುವ ಕೋಣೆ, ಒಂದು ಅಡುಗೆಮನೆ. ನಡುಮನೆಯ ಕಿಟಕಿಯ ಪಕ್ಕ ಚಿಕ್ಕಮ್ಮನ ಹೊಲಿಗೆ ಮೆಷಿನ್ನು. ಅರ್ಧ ಊರಿನ ರವಿಕೆಗಳು ಅಲ್ಲೇ ಹುಟ್ಟುತ್ತಿದ್ದವು. ಅಜ್ಜಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಚಿಕ್ಕಮ್ಮನೇ. ಅಜ್ಜಿ ಕಥೆ ಕೊಟ್ಟಳು, ಚಿಕ್ಕಮ್ಮ ಅನ್ನ ಕೊಟ್ಟಳು. ಎರಡೂ ಸಿಕ್ಕಿದ್ದು ಅದೇ ಅಡುಗೆಮನೆಯ ನೆಲದ ಮೇಲೆ.

ನಮ್ಮ ಎದುರು ಬಾಗಿಲಿನವಳು ಚಂಪಾ. ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ತಾಯಿಯಿಲ್ಲದ ಹುಡುಗಿ, ಈಗ ತುಂಬಿದ ಬಸುರಿ. ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಚಿಕ್ಕಮ್ಮ ಕೇಳಿದಾಗೆಲ್ಲ, ಏನೂ ಇಲ್ಲ ತುಂಗಕ್ಕ ಎಂದು ನಗುತ್ತಿದ್ದಳು. ಒಂದು ದಿನ ಮಾತ್ರ, ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿನ ಟವೆಲನ್ನು ಹಿಂಡುತ್ತಲೇ ಇದ್ದು, ಅಮ್ಮ ಅರಿಶಿನದ ಎಲೆಯಲ್ಲಿ ಕಡುಬು ಮಾಡೋಳು, ಅದರ ಆವಿ ಮೂಗಿಗೆ ಬಂದ ಹಾಗಾಗುತ್ತೆ ಅಂದಳು. ಟವೆಲಿನಲ್ಲಿ ನೀರು ಯಾವಾಗಲೋ ಮುಗಿದಿತ್ತು. ಚಿಕ್ಕಮ್ಮ ಆ ಕ್ಷಣವೇ ಮಾತು ಕೊಟ್ಟಳು: "ನನ್ನ ಒಲೆಯ ಪಕ್ಕ ನಿನ್ನನ್ನು ಕೂರಿಸಿ, ಹಬೆಯಾಡೋ ಕಡುಬು ನಿನ್ನ ಎಲೆಗೆ ಹಾಕ್ತೀನಿ ಕಣೇ. ಹೆರೋದರೊಳಗೆ."

ಅಲ್ಲಿನ ಬಯಕೆ ಊಟದ ಕಟ್ಟಲೆ ಹಾಗೆ. ಬಸುರಿಗೆಂದು ಬೇಯಿಸಿದ್ದು ಹೊಸ್ತಿಲು ದಾಟಬಾರದು. ಬೆಂದ ಕೋಣೆಯಲ್ಲೇ ಕೂತು ಅವಳು ಉಣ್ಣಬೇಕು.

ಇಷ್ಟರಲ್ಲಿ ಕಟ್ಟಡದ ಯಜಮಾನರು ಬದಲಾದರು. ಮುದುಕ ಯಜಮಾನರು ಹೋಗಿ, ಅವರ ತಮ್ಮನ ಮಗ ಪುಂಡಲೀಕರು ಕೆಳಗಿನ ಅಂತಸ್ತಿಗೆ ಬಂದು ಕೂತರು. ನಲವತ್ತರ ಆಸುಪಾಸಿನವರು, ಮದುವೆಯಾಗಿರಲಿಲ್ಲ, ಮಾತು ಮೆತ್ತಗೆ. ಕಟ್ಟಡ ಹಳೆಯದಾಗಿದ್ದೂ ಸುಳ್ಳಲ್ಲ. ನಮ್ಮ ಬಚ್ಚಲ ತಾರಸಿಯಿಂದ ಉದುರಿದ ಗಾರೆ ಒಮ್ಮೆ ನನ್ನ ಎಣ್ಣೆ ಹಚ್ಚಿದ ತಲೆಯ ಮೇಲೇ ಬಿದ್ದಿತ್ತು. ರಿಪೇರಿ ಮಾಡಿಸುತ್ತೇನೆ ಅಂದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಚಿಕ್ಕಮ್ಮನೇ.

ಮುದುಕ ಯಜಮಾನರ ಕಾಲದಲ್ಲಿ ಸುಣ್ಣ ಹೊಡೆಸುವುದಿದ್ದರೂ ಗೋಡೆ ಕೇಳುವ ಶಾಸ್ತ್ರ ತಪ್ಪುತ್ತಿರಲಿಲ್ಲ. ಎಲೆ ಅಡಿಕೆ ಹಿಡಿದು ಅವರು ಪ್ರತಿ ಮನೆಗೂ ಬರುತ್ತಿದ್ದರು. ಮನೆಯವರು ದೀಪ ಹಚ್ಚುತ್ತಿದ್ದರು. ಯಾವ ಗೋಡೆ, ಎಷ್ಟು ದಿನ, ಅಷ್ಟು ದಿನ ಈ ಮನೆಯವರು ಎಲ್ಲಿ ಮಲಗಬೇಕು ಎಲ್ಲಿ ಬೇಯಿಸಬೇಕು, ಎಲ್ಲವನ್ನೂ ಕೋಣೆಗೆ ಕೇಳುವಂತೆ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಏಳುತ್ತಿದ್ದರು. ಕೋಣೆಗಳು ತುಟಿಪಿಟಕ್ಕೆನ್ನದೆ ಸಹಿಸಿಕೊಳ್ಳುತ್ತಿದ್ದವು.

ಪುಂಡಲೀಕರೂ ಶಾಸ್ತ್ರ ಮಾಡಿದರು. ರೇಷ್ಮೆ ಮಡಿ ಉಟ್ಟು, ಪುರೋಹಿತರನ್ನು ಕರೆಸಿ, ಕಾಯಿ ಒಡೆಸಿ, ತಮ್ಮಲ್ಲಿದ್ದ ಬೀಗದ ಕೈಗಳಿಂದ ಒಂದೊಂದೇ ಮನೆ ತೆಗೆದು, ರಿಪೇರಿ ಮಾಡಿಸುತ್ತಿದ್ದೇನೆ ಎಂದು ಕೋಣೆಕೋಣೆಗೂ ಹೇಳಿದರು. ಆದರೆ ಅದಕ್ಕೆ ಅವರು ಆರಿಸಿಕೊಂಡದ್ದು ಪಕ್ಕದ ಬೀದಿಯ ಮದುವೆಗೆ ನಾವೆಲ್ಲ ಬಾಗಿಲು ಹಾಕಿಕೊಂಡು ಹೋಗಿದ್ದ ದಿನ. ಮರುದಿನ ಬಿದಿರಿನ ಸಾರುವೆ ಬಂತು, ಮರಳು ಬಂತು, ಕರಿಯಣ್ಣ ಮೇಸ್ತ್ರಿ ಬಂದ. ಕೋಣೆಗಳಿಗೆ ಹೇಳಿದ್ದೀರಾ ಸ್ವಾಮಿ ಎಂದು ಮೇಸ್ತ್ರಿ ಕೇಳಿದ್ದಕ್ಕೆ ಪುಂಡಲೀಕರು ಹಣೆಯ ಕುಂಕುಮ ತೋರಿಸಿದರು.

ಧೂಳು ಅಂದರೆ ಎಂಥ ಧೂಳು. ಸಾಸಿವೆ ಡಬ್ಬಿಯೊಳಗೂ ಇತ್ತು. ಮೆಷಿನ್ನಿನ ಕೆಳಗೆ ನೆಲವೇ ನಡುಗುತ್ತಿದ್ದರಿಂದ ಚಿಕ್ಕಮ್ಮನ ಹೊಲಿಗೆ ಹಾವು ಹರಿದಂತೆ ಹೋಗುತ್ತಿತ್ತು. ಯಾರದೋ ಮದುವೆಯ ರವಿಕೆಯ ತೋಳು ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ಚಂಪಾಳಿಗೆ ಮಧ್ಯಾಹ್ನದ ನಿದ್ದೆ ಇಲ್ಲವಾಯಿತು. ಹೊಟ್ಟೆಯ ಮೇಲೆ ಎರಡು ಕೈಯಿಟ್ಟುಕೊಂಡು, ಪ್ರತಿ ಏಟಿಗೂ ಒಳಗಿನದು ಬೆಚ್ಚುತ್ತೆ ಅನ್ನುತ್ತಿದ್ದಳು. ಸಾರುವೆಯ ಗೋಣಿತಾಟಿನಿಂದಾಗಿ ನಮ್ಮ ಕಿಟಕಿಗೆ ಹಗಲೇ ಬರುತ್ತಿರಲಿಲ್ಲ. ಎಷ್ಟು ದಿನ ಎಂದು ಕೇಳಿದರೆ ಪುಂಡಲೀಕರು ಮೆತ್ತಗೆ, ಆಗುತ್ತೆ ತುಂಗಮ್ಮನವರೇ, ಕಷ್ಟವಾದರೆ ನೀವು ಬೇರೆ ಕಡೆ ನೋಡಿಕೊಂಡರೂ ನನ್ನದೇನೂ ಬೇಜಾರಿಲ್ಲ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಹಾಲು ಕಾಯಿಸಲೆಂದು ಎದ್ದ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತಿದ್ದಳು. ನಾನು ಹಿಂದಿನಿಂದ ಇಣುಕಿದೆ. ಬಾಗಿಲಿನಾಚೆ ಬರೀ ಗಾಳಿ. ಕೆಳಗೆ ಹಿತ್ತಿಲ ಕರಿಬೇವಿನ ಗಿಡ, ಅದರ ತುದಿಯಲ್ಲಿ ಒಂದು ಗುಬ್ಬಿ. ಮೆಟ್ಟಿಲುಗಳ ಮೇಲೆ ಉದ್ದಕ್ಕೂ ಸುಣ್ಣದ ಗೀರು, ಗೇಟಿನ ಬಳಿ ಬಿದ್ದಿದ್ದ ನಮ್ಮ ಒಂದು ಚಮಚ. ಇಳಿದು ಹೋಗುವಾಗ ಅವಸರವಿತ್ತು ಅನ್ನಿಸುತ್ತದೆ.

ಚಿಕ್ಕಮ್ಮ ಕೂಗಾಡಲಿಲ್ಲ. ತನ್ನದೊಂದು ಹಳೇ ಸೀರೆಯನ್ನು ಬಾಗಿಲಿಗೆ ಅಡ್ಡ ಕಟ್ಟಿದಳು, ನಿದ್ದೆಗಣ್ಣಲ್ಲಿ ನಾನು ಕಾಲಿಟ್ಟುಬಿಟ್ಟೇನು ಎಂದು. ಆಮೇಲೆ ಚಪ್ಪಲಿ ಮೆಟ್ಟಿ ಹುಡುಕಲು ಹೊರಟಳು.

ಅಡುಗೆಮನೆ ಹಳೇ ಸಂತೆ ಮೈದಾನದಲ್ಲಿ, ನೀರಿನ ಟ್ಯಾಂಕಿನ ಪಕ್ಕ ಬಿಸಿಲಿಗೆ ಬೆನ್ನು ಹಾಕಿ ಕೂತಿತ್ತು. ಕಪಾಟಿನ ಡಬ್ಬಿಗಳು ಸಾಲಾಗಿಯೇ ಇದ್ದವು. ಹಿಂದೆ ನೀರಿನ ಪೈಪು ಬಾಲದಂತೆ ಎಳೆದುಕೊಂಡು ಬಂದಿತ್ತು, ಮತ್ತು ನಮ್ಮ ಕಟ್ಟಡಕ್ಕೆ ನೀರು ಬಿಡುವ ಹೊತ್ತಿಗೆ ಅದರಲ್ಲೂ ನೀರು ಬರುತ್ತಿತ್ತು. ಚಿಕ್ಕಮ್ಮ ಒಳಗೆ ಹೋಗಿ, ಹೀಗಾ ಮಾಡೋದು ಎಂದು ಗೋಡೆಗೆ ಗದರಿ, ಹಾಲು ಕಾಯಿಸಿದಳು.

ಅಂದಿನಿಂದ ನಮ್ಮ ಮನೆ ಎರಡು ಕಡೆಗೆ ಹಂಚಿಹೋಯಿತು. ಬೆಳಿಗ್ಗೆ ಅಕ್ಕಿ ಚೀಲ ಹಿಡಿದು ಮೈದಾನಕ್ಕೆ, ಮಧ್ಯಾಹ್ನ ಸಾರಿನ ಪಾತ್ರೆ ಹಿಡಿದು ಮನೆಗೆ. ಬಸ್ಸಿನ ಡ್ರೈವರುಗಳು ವಾಸನೆ ಹಿಡಿದು ಇವತ್ತು ಬಸ್ಸಾರೇನಮ್ಮಾ ಅನ್ನುತ್ತಿದ್ದರು. ನಾನಂತೂ, ಯಾರಿಗೂ ಹೇಳಬೇಡಿ, ಮೊದಮೊದಲು ಖುಷಿಯಲ್ಲೇ ಇದ್ದೆ. ಒಗ್ಗರಣೆ ಹಾಕುವಾಗ ಬಾಗಿಲಲ್ಲಿ ಮೇಕೆಗಳು ಬಂದು ನಿಲ್ಲುವುದು ಅಜ್ಜಿಯ ಕಥೆಯೊಳಗೆ ಬದುಕಿದಂತೆ ಇತ್ತು. ಚಿಕ್ಕಮ್ಮನ ಕಾಲು ಊದಿಕೊಂಡದ್ದನ್ನು ನೋಡಿದ ಮೇಲೆ ಆ ಖುಷಿ ಇಳಿಯಿತು.

ಚಂಪಾಳಿಗೆ ಅಷ್ಟು ದೂರ ನಡೆಯಕೂಡದು ಎಂದು ಡಾಕ್ಟರಮ್ಮ ಹೇಳಿಯಾಗಿತ್ತು. ಕಡುಬು ಹೊಸ್ತಿಲು ದಾಟುವಂತಿಲ್ಲ, ಬಸುರಿ ಮೆಟ್ಟಿಲು ಇಳಿಯುವಂತಿಲ್ಲ, ಅಡುಗೆಮನೆ ಬರುವಂತಿಲ್ಲ. ಪಶ್ಚಿಮಕ್ಕೆ ಮೋಡ ಕಟ್ಟತೊಡಗಿತ್ತು.

ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಪುಂಡಲೀಕರ ಬಳಿ ಹೋದಳು. ಅವರು ಕುರ್ಚಿ ಹಾಕಿಸಿದರು. ಕೋಣೆ ತಾನಾಗಿ ಹೋಗಿದೆ, ತಾನೇನು ಕುತ್ತಿಗೆ ಹಿಡಿದು ದಬ್ಬಿದೆನಾ ಅಂದರು. ತಾನು ಶಾಸ್ತ್ರವನ್ನೂ ಮಾಡಿಸಿದ್ದೇನೆ, ಪುರೋಹಿತರನ್ನೇ ಕೇಳಬಹುದು ಅಂದರು. ಆಮೇಲೆ ಒಂದು ಉಪಾಯ ಹೇಳಿದರು. ಮೈದಾನ ಯಾರಪ್ಪನದೂ ಅಲ್ಲ. ಮಳೆ ಬರಲಿ, ಅಡುಗೆಮನೆ ಅಲ್ಲೇ ಬೇರು ಬಿಡಲಿ, ಅದು ನಿಮ್ಮದೇ ಆಗುತ್ತೆ, ಜೀವಮಾನದಲ್ಲಿ ಬಾಡಿಗೆ ಇಲ್ಲ. ಒಲೆಯಿಲ್ಲದ ಮನೆ ಹೇಗೂ ಊರಿನ ಲೆಕ್ಕದಲ್ಲಿ ಮನೆಯಲ್ಲ, ಇಲ್ಲಿನ ಉಳಿದದ್ದನ್ನು ಖಾಲಿ ಮಾಡಿಕೊಟ್ಟರಾಯಿತು.

ಕೇಳುವವರಿಗೆ ಅದು ಲಾಭದ ಮಾತೇ. ಬೀದಿಯವರೂ ಹಾಗೇ ಅಂದಿದ್ದರು. ಚಿಕ್ಕಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಬೇಯಿಸೋದು ಅಲ್ಲಿ, ಮಲಗೋದು ಬೀದಿಯಲ್ಲಾ?" ಅಂದಳು. "ನಾನು ನಿಮ್ಮ ಹತ್ತಿರ ಬಾಡಿಗೆಗೆ ಹಿಡಿದದ್ದು ಮನೆ, ಪುಂಡಲೀಕರೇ. ಕೋಣೆ ಅಲ್ಲ. ನಾನು ಖಾಲಿ ಮಾಡೋಲ್ಲ. ಇರುವ ಕೋಣೆಗಳಿಗೆ ಬಾಡಿಗೆ ಕೊಡ್ತೀನಿ, ಹೋದ ಕೋಣೆ ತರಿಸಿಕೊಡಿ, ಅದಕ್ಕೂ ಕೊಡ್ತೀನಿ."

ಪುಂಡಲೀಕರು ಮೀಸೆಯೊಳಗೇ ನಕ್ಕು, ತರಿಸೋಕೆ ಅದೇನು ಹಸುವೇ ಅಂದರು.

ನಗು ಬಹಳ ದಿನ ಉಳಿಯಲಿಲ್ಲ. ಆ ವಾರವೇ ಅವರ ಸ್ವಂತ ನಡುಮನೆ ತೆವಳತೊಡಗಿತು. ರಾತ್ರಿ ಮಲಗಿದ್ದಕ್ಕಿಂತ ಬೆಳಿಗ್ಗೆ ಏಳುವಾಗ ಅವರು ರಸ್ತೆಗೆ ಹತ್ತಿರವಾಗಿರುತ್ತಿದ್ದರು. ಮೊದಲ ದಿನ ಗೇಣಷ್ಟು, ಮರುದಿನ ಮೊಳದಷ್ಟು. ಪುರೋಹಿತರು ಮತ್ತೆ ಬಂದು ಮತ್ತೆ ಕಾಯಿ ಒಡೆದರು. ಅವರು ಮಂತ್ರ ಹೇಳುತ್ತಿರುವಾಗಲೇ ನಡುಮನೆ ಇನ್ನಷ್ಟು ಸರಿದು ಅವರ ಚೊಂಬು ಉರುಳಿತಂತೆ. ಕರಿಯಣ್ಣ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಒಂದು ಕೋಣೆ ಹೋದ ಕಟ್ಟಡ ಹಲ್ಲು ಬಿದ್ದ ದವಡೆಯ ಹಾಗೆ, ಉಳಿದವೂ ಅಲುಗ್ತವೆ ಸ್ವಾಮಿ, ಅದು ಬರೋ ತನಕ ನಾನು ಮುಟ್ಟೋಲ್ಲ ಅಂದ.

ಹೀಗೆ ಒಂದು ಮಧ್ಯಾಹ್ನ, ಮೋಡದ ನೆರಳು ಮೈದಾನದ ಮೇಲೆ ಹಾಯುತ್ತಿರುವಾಗ, ಪುಂಡಲೀಕರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಒಂದು ತೆಂಗಿನಕಾಯಿ. ಚಪ್ಪಲಿ ಕಳಚಿ ಒಳಗೆ ಬಂದು, ಗೋಡೆಗೆ ಮುಖ ಮಾಡಿ, ನಾನು ನಿನ್ನ ಯಜಮಾನ, ನಡಿ ಮನೆಗೆ ಅಂದರು. ಗೋಡೆ ಗೋಡೆಯಂತೆಯೇ ಇತ್ತು. ಇನ್ನೊಂದು ಸಲ ಜೋರಾಗಿ ಅಂದರು. ಬಾಗಿಲಲ್ಲಿದ್ದ ಮೇಕೆಯೊಂದು ಓಡಿಹೋಯಿತು.

ಚಿಕ್ಕಮ್ಮ ಒಲೆಯ ಮುಂದಿನಿಂದ ಏಳದೆಯೇ ಕೇಳಿದಳು: "ನಿಮ್ಮ ನಡುಮನೆಯ ಕಸ ಯಾರು ಗುಡಿಸ್ತಾರೆ?"

ಅವರು ಯೋಚಿಸಬೇಕಾಯಿತು. ಕೆಲಸದವಳು ಗುಡಿಸುತ್ತಿದ್ದಳು, ಧೂಳು ಜಾಸ್ತಿಯಾದ ಮೇಲೆ ಬಿಟ್ಟಳು, ಈಗ ಯಾರೂ ಇಲ್ಲ ಅಂದರು.

"ಮತ್ತೆ ಅದಕ್ಕೆ ನೀವು ಯಾರು ಅಂತ ಹೇಗೆ ಗೊತ್ತಾಗಬೇಕು?"

ಪುಂಡಲೀಕರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಅವರೇನೂ ಹೊರಗಿನವರಲ್ಲ, ಆ ಊರಲ್ಲೇ ಹುಟ್ಟಿದವರು. ಆದರೆ ಹುಟ್ಟಿದ್ದು ಸ್ವಂತ ಮನೆಯಲ್ಲಿ. ಮನೆಯ ಒಡತಿಯೂ ಅವರಮ್ಮನೇ, ಗುಡಿಸಿ ಸಾರಿಸುವವಳೂ ಅವರಮ್ಮನೇ. ಅವಳು ಹೇಳಿದರೆ ಕೋಣೆಗಳು ಕೇಳುತ್ತಿದ್ದವು. ಕೋಣೆ ಕೇಳುವುದು ಒಡತಿಯ ಮಾತನ್ನೋ, ಪೊರಕೆ ಹಿಡಿದವಳ ಮಾತನ್ನೋ ಎಂದು ಬಿಡಿಸಿ ನೋಡುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ. ಮುದುಕ ಯಜಮಾನರು ಪ್ರತಿ ಮನೆಯಲ್ಲೂ ಮಜ್ಜಿಗೆ ಕುಡಿಯುತ್ತಿದ್ದುದನ್ನು ಅವರು ಬಾಯಾರಿಕೆ ಅಂದುಕೊಂಡಿದ್ದರು.

ಚಿಕ್ಕಮ್ಮ ಮಣೆಯೊಂದನ್ನು ಅವರತ್ತ ತಳ್ಳಿದಳು. ತಂದ ಕಾಯಿಯನ್ನು ಒಡೆದು ತುರಿದುಕೊಡಿ ಅಂದಳು. ಕಟ್ಟಡದ ಯಜಮಾನರು ಪಂಚೆ ಮೇಲೆ ಕಟ್ಟಿ ಈಳಿಗೆ ಮಣೆಯ ಮೇಲೆ ಕೂತು ಕಾಯಿ ತುರಿದರು. ತುರಿ ಕಡಿಮೆ, ಕರಟದ ಪುಡಿ ಜಾಸ್ತಿ. ಬೆರಳು ಸ್ವಲ್ಪ ಕೊಯ್ದುಕೊಂಡರು. ನಾನು ಅರಿಶಿನ ಹಚ್ಚಿದೆ. ಆಮೇಲೆ ಚಿಕ್ಕಮ್ಮ ಅವರಿಗೆ ಅನ್ನ, ಹುರುಳಿ ಸಾರು ಬಡಿಸಿದಳು. ತಿನ್ನುತ್ತಾ ತಿನ್ನುತ್ತಾ ಅವರ ಭುಜ ಇಳಿಯಿತು. ಒಂಟಿ ಮನುಷ್ಯ, ಹೋಟೆಲಿನ ಊಟದವರು.

"ಈಗ ಹೇಳಿ," ಅಂದಳು ಚಿಕ್ಕಮ್ಮ. "ನನಗಲ್ಲ. ಕೋಣೆಗೆ. ಯಾವ ಗೋಡೆ?"

ಅವರು ಎಲೆಯ ಮೇಲೆ ಬೆರಳಾಡಿಸಿದರು. "ಎಲ್ಲಾ ಗೋಡೆ," ಅಂದರು.

ಇದ್ದದ್ದು ಅದೇ. ನಮ್ಮ ಮನೆಯನ್ನೂ ಚಂಪಾಳ ಮನೆಯನ್ನೂ ಕೂಡಿಸಿ ಒಂದೇ ದೊಡ್ಡ ಮನೆ ಮಾಡಿ ಹೆಚ್ಚು ಬಾಡಿಗೆ ಕೊಡುವ ದೊಡ್ಡ ಮನುಷ್ಯರಿಗೆ ಕೊಡುವುದು ಅವರ ಆಲೋಚನೆಯಾಗಿತ್ತು. ನಮ್ಮ ಅಡುಗೆಮನೆ ಇದ್ದ ಕಡೆ ಉಯ್ಯಾಲೆ ಹಾಕುವ ಜಗಲಿ. ನಮಗೆ ಹೋಗಿ ಅನ್ನಲು ಬಾಯಿ ಬರಲಿಲ್ಲ, ಧೂಳಿಗೆ ಬೇಸತ್ತು ನಾವೇ ಹೋಗುತ್ತೇವೆ ಅಂದುಕೊಂಡಿದ್ದರು. ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ, ಕಪಾಟಿನ ಡಬ್ಬಿಗಳನ್ನೇ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಮಾತ್ರ ಅವರ ಎಲೆಗೆ ಮಜ್ಜಿಗೆ ಬಡಿಸಿದಳು.

"ಗೊತ್ತಿತ್ತು," ಅಂದಳು. "ನನಗೂ ಗೊತ್ತಿತ್ತು, ಇದಕ್ಕೂ ಗೊತ್ತಿತ್ತು. ಇಲ್ಲದಿದ್ದರೆ ಇಷ್ಟು ದೂರ ಯಾಕೆ ಬರುತ್ತೆ? ಆಗದ ಗೋಡೆ ಬಿಟ್ಟು ಆಗುವ ಗೋಡೆ ಹೇಳಿ."

ಹೊರಗೆ ಮೊದಲ ಗುಡುಗು ಉರುಳಿತು. ಪುಂಡಲೀಕರು ಬಾಗಿಲಿನಾಚೆ ಆಕಾಶ ನೋಡಿದರು. ಇನ್ನೊಂದು ಗಳಿಗೆ ಸುಮ್ಮನೆ ಕೂತಿದ್ದರೆ ಸಾಕಿತ್ತು. ಮಳೆ ಅವರ ಕೆಲಸ ಮಾಡಿಬಿಡುತ್ತಿತ್ತು. ಅವರ ನಡುಮನೆಯನ್ನು ನಾಳೆ ಗುಡಿಸಿ ಒಲಿಸಿಕೊಳ್ಳುವ ಬಗೆಯೂ ಈಗ ಅವರಿಗೆ ತಿಳಿದುಹೋಗಿತ್ತು. ಚಿಕ್ಕಮ್ಮನಿಗೂ ಅದು ಗೊತ್ತಿತ್ತು. ಅವಳು ಒಗ್ಗರಣೆಯ ಸೌಟನ್ನು ಒಲೆಯ ಪಕ್ಕಕ್ಕೆ ಎಳೆದಿಟ್ಟುಕೊಂಡಳು.

ಅವರು ಅರಿಶಿನ ಹಚ್ಚಿದ ಬೆರಳನ್ನೊಮ್ಮೆ ನೋಡಿಕೊಂಡು, ಗೋಡೆಯ ಕಡೆ ತಿರುಗಿದರು. ದನಿ ಈ ಸಲ ಮೆತ್ತಗಿತ್ತು. ತಾರಸಿ ಸೋರುವಲ್ಲಿ ಮಾತ್ರ ಒಡೆಯುತ್ತೇವೆ ಅಂದರು. ಬಚ್ಚಲ ಗೋಡೆ ಮೊದಲು, ಅದು ಮುಗಿಯದೆ ಇನ್ನೊಂದಕ್ಕೆ ಕೈಯಿಡುವುದಿಲ್ಲ. ಮಧ್ಯಾಹ್ನ ಆ ಹುಡುಗಿ ಮಲಗುವ ಹೊತ್ತು ಸುತ್ತಿಗೆ ಮುಟ್ಟುವುದಿಲ್ಲ. ಹೆರಿಗೆಯಾಗಿ ಬಾಣಂತನ ಮುಗಿಯುವವರೆಗೆ ಅವಳ ಗೋಡೆಗೆ ಮೊಳೆಯನ್ನೂ ಹೊಡೆಯುವುದಿಲ್ಲ. ಕೋಣೆ ಮನೆಯಲ್ಲಿಲ್ಲದಿದ್ದ ದಿನಗಳ ಬಾಡಿಗೆ ಬೇಡ. ಕೊನೆಗೆ, ನಿನ್ನ ಜಾಗದಲ್ಲಿ ಉಯ್ಯಾಲೆ ಬರುವುದಿಲ್ಲ, ಬಾ ಅಂದರು.

ಡಬ್ಬಿಗಳು ಒಮ್ಮೆ ಗಲಗಲ ಅಂದವು.

ಚಿಕ್ಕಮ್ಮ ತಡಮಾಡಲಿಲ್ಲ. ಕಬ್ಬಿಣದ ಸೌಟಿಗೆ ಎಣ್ಣೆ ಹಾಕಿ, ಸಾಸಿವೆ ಸಿಡಿಸಿ, ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೈಗೆ ಸಿಕ್ಕಷ್ಟು ಕರಿಬೇವು ಹಾಕಿ, ಹಬೆಯಾಡುವ ಸೌಟನ್ನು ಮುಂದೆ ಹಿಡಿದು ಹೊಸ್ತಿಲಿಳಿದಳು. ಕೋಣೆ ಎದ್ದಿತು. ಕರುವಿನ ಹಿಂದೆ ಹಸು ಬರುವಂತೆ, ಆ ಘಮಲಿನ ಹಿಂದೆ ತುಸು ಓಲಾಡುತ್ತಾ ಬಂತು. ನಾನು ನೀರಿನ ಪೈಪು ಕೊಚ್ಚೆಯಲ್ಲಿ ಹೊರಳದಂತೆ ಮದುವಣಗಿತ್ತಿಯ ಸೆರಗು ಹಿಡಿದ ಹಾಗೆ ಎತ್ತಿ ಹಿಡಿದು ಹಿಂದೆ ನಡೆದೆ.

ಸಂತೆ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮುಖಕ್ಕೆ ಒಂದು ಹನಿ ಬಿತ್ತು. ಪುಂಡಲೀಕರು ಪಂಚೆ ಎತ್ತಿ ಕಟ್ಟಿ ಓಡಿದರು. ಓಡುವ ರೀತಿ ನೋಡಿದರೆ ಅವರು ಚಿಕ್ಕಂದಿನಿಂದ ಓಡಿಯೇ ಇರಲಿಲ್ಲ ಅನ್ನಿಸಿತು. ಹಿಂದಿರುಗಿದಾಗ ಜೊತೆಗೆ ಕರಿಯಣ್ಣ ಮೇಸ್ತ್ರಿ, ಅವನ ಆಳುಗಳು, ಸಿಮೆಂಟಿನ ಮೂಟೆ ಮುಚ್ಚುವ ನೀಲಿ ಟಾರ್ಪಾಲು. ನಾಲ್ಕು ಮೂಲೆಗೆ ನಾಲ್ಕು ಸಾರುವೆಯ ಬೊಂಬು ಕಟ್ಟಿ ಅಡುಗೆಮನೆಯ ಮೇಲೆ ಚಪ್ಪರದಂತೆ ಎತ್ತಿ ಹಿಡಿದರು. ಒಂದು ಬೊಂಬು ಪುಂಡಲೀಕರದು. ಮಳೆ ಟಾರ್ಪಾಲಿನ ಮೇಲೆ ಬಡಿಯಿತು. ಮೆರವಣಿಗೆ ಹೊರಟಿತು. ಬೀದಿಯವರು ತಮ್ಮ ಸಾರಿನ ವಾಸನೆಗೆ ಕೋಣೆ ದಾರಿ ತಪ್ಪೀತೆಂದು ಕಿಟಕಿಗಳನ್ನು ಮುಚ್ಚಿಕೊಂಡು ಸಂದಿಯಿಂದ ನೋಡಿದರು. ಬಸ್ಸು ನಿಂತು ದಾರಿ ಬಿಟ್ಟಿತು. ನಾವೆಲ್ಲ ತೊಪ್ಪೆಯಾದೆವು, ಕೋಣೆಯ ಮೇಲೆ ಹನಿ ಬೀಳಲಿಲ್ಲ.

ಮೆಟ್ಟಿಲು ಹತ್ತಿದ್ದು ಹೇಗೆಂದು ನನ್ನನ್ನು ಕೇಳಬೇಡಿ. ಪೈಪು ಹಿಡಿದಿದ್ದ ನನಗೆ ಕಂಡದ್ದು ಬರೀ ಕೋಣೆಯ ಬೆನ್ನು. ಚಿಕ್ಕಮ್ಮ ಅಡ್ಡ ಕಟ್ಟಿದ್ದ ಸೀರೆ ಬಿಚ್ಚಿದಳು. ಗಾಳಿಯಿದ್ದ ಕಡೆ ನೆಲ ಬಂದು ಕೂತಿತು. ಕೆಳಗೆ ಪುಂಡಲೀಕರ ನಡುಮನೆ ಅಷ್ಟರಲ್ಲಾಗಲೇ ಗೇಟಿಗೆ ಮೂಗು ತಾಗಿಸಿತ್ತು. ಅವರು ಒದ್ದೆ ಬಟ್ಟೆಯಲ್ಲೇ ನಮ್ಮ ಪೊರಕೆಯನ್ನು ಕೇಳಿ ತೆಗೆದುಕೊಂಡು ಹೋದರು. ಬಹಳ ಹೊತ್ತು ಗುಡಿಸುವ ಸದ್ದು ಕೇಳುತ್ತಿತ್ತು. ಕೆಟ್ಟದಾಗಿ ಗುಡಿಸುತ್ತಿದ್ದರು, ಧೂಳೆಲ್ಲ ನಮ್ಮ ಕಡೆಗೇ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಅಕ್ಕಿ ರುಬ್ಬಿದಳು. ನಾನು ಅರಿಶಿನದ ಎಲೆ ತೊಳೆದು ಒರೆಸಿದೆ. ಕಾಯಿ ಬೆಲ್ಲ ಏಲಕ್ಕಿಯ ಹೂರಣ ಇಟ್ಟು, ಎಲೆ ಮಡಿಸಿ, ಹಬೆಗೆ ಇಟ್ಟಾಯಿತು. ಚಂಪಾಳನ್ನು ಕೈಹಿಡಿದು ಕರೆತಂದು ಒಲೆಯ ಪಕ್ಕದ ಗೋಡೆಗೆ ಒರಗಿಸಿ ಕೂರಿಸಿದೆವು. ಸುತ್ತಿಗೆಯ ಸದ್ದಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದಾಗ ಆವಿ ಎದ್ದು ಕೋಣೆಯ ತುಂಬ ಹರಡಿತು, ಮೂಲೆಮೂಲೆಗೂ ಹೋಯಿತು.

"ಬಿಸಿ ಇದೆ ಕಣೇ, ಊದಿಕೊಂಡು ತಿನ್ನು," ಅಂದಳು ಚಿಕ್ಕಮ್ಮ.

ಚಂಪಾ ಎಲೆ ಬಿಡಿಸಿದಳು, ಊದಿದಳು, ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟುಕೊಂಡಳು.